ಕೆರೆಯ ನಾಡಿ ಹೇಳುವ ಕೀಟಗಳು

ರೋಗಿಯ ಬಳಿಗೆ ಬಂದ ವೈದ್ಯರು ಮೊದಲು ನಾಡಿ ಹಿಡಿದು ನೋಡುತ್ತಾರೆ; ನಾಲಗೆ, ಕಣ್ಣಿನ ಬಿಳುಪು, ಉಗುರಿನ ಬಣ್ಣ ಇವುಗಳನ್ನು ಪರೀಕ್ಷಿಸುತ್ತಾರೆ. ರಕ್ತವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಮಾತು ಆಮೇಲಿನದು. ದೇಹದೊಳಗೆ ಏನೋ ಕೆಟ್ಟಿದೆ ಎಂಬುದನ್ನು ಈ ಹೊರಚಿಹ್ನೆಗಳೇ ಮೊದಲು ಸೂಚಿಸುತ್ತವೆ. ಕುಡಿಯಲು, ದನಕರುಗಳಿಗೆ, ಹೊಲಗದ್ದೆಗಳಿಗೆ ನಾವು ಆಶ್ರಯಿಸಿರುವ ಕೆರೆಯ ನೀರಿಗೂ ಇಂತಹ ನಾಡಿಯೊಂದುಂಟು. ಕೆರೆಯ ತಳದ ಕೆಸರಿನಲ್ಲಿ, ಜೊಂಡಿನ ಬುಡದಲ್ಲಿ, ಕಲ್ಲುಗಳ ಅಡಿಯಲ್ಲಿ ಬಾಳುವ ಜಲಕೀಟಗಳೇ ಆ ನಾಡಿ. ನೀರಿಗೆ ವಿಷ ಸೇರಿದಾಗ ಮೊದಲು ನರಳುವವು ಅವು. ನಾವು ನರಳುವುದು ಆಮೇಲೆ. ಈ ಎರಡರ ನಡುವಿನ ಕಾಲಾವಕಾಶವೇ ನಮಗೆ ದೊರೆಯುವ ಎಚ್ಚರಿಕೆ. ಅದನ್ನು ಓದಲು ಕಲಿತರೆ ಊರಿನ ಆರೋಗ್ಯವನ್ನು ಕಾಯಬಹುದು. ಕಲಿಯದಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾರಣ ಹುಡುಕಬೇಕಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದ ಸಂಗತಿ ಸದ್ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ಹಿರಿಯರು ಕಟ್ಟಿಸಿಕೊಟ್ಟ ಕೆರೆಗಳ ಹೂಳು ತೆಗೆಯುವುದು, ಏರಿಯನ್ನು ಭದ್ರಪಡಿಸುವುದು ನಮಗೆ ಗೊತ್ತಿರುವ ಕಾಯಕ. ಕಣ್ಣಿಗೆ ಕಾಣದ ರಾಸಾಯನಿಕಗಳು ನೀರಿಗೆ ಸೇರುತ್ತಿರುವ ಈ ಕಾಲದಲ್ಲಿ ಕೆರೆಯ ನಾಡಿ ನೋಡುವುದೂ ಆ ಕಾಯಕದ ಒಂದು ಭಾಗವಾಗಬೇಕಾಗಿದೆ. ಅದರ ವಿಧಾನವನ್ನೂ, ಅದರಿಂದ ಬೇರೆ ನಾಡುಗಳ ಜನ ಕಲಿತ ಪಾಠಗಳನ್ನೂ ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ಒಂದು ಶೀಸೆ ನೀರು ಹೇಳದ ಸಂಗತಿ

ಕೆರೆಯ ನೀರು ಶುದ್ಧವೋ ಅಶುದ್ಧವೋ ಎಂದು ತಿಳಿಯಲು ಒಂದು ಶೀಸೆಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುವುದು ರೂಢಿ. ಇದು ಅಗತ್ಯವಾದ ಪರೀಕ್ಷೆಯೇ ಸರಿ. ಆದರೆ ಇದಕ್ಕೆ ಮೂರು ಮಿತಿಗಳಿವೆ.

ಮೊದಲನೆಯದಾಗಿ, ಶೀಸೆಯಲ್ಲಿರುವುದು ಆ ದಿನದ, ಆ ಗಳಿಗೆಯ ನೀರು ಮಾತ್ರ. ಮುಂಗಾರಿನ ಮೊದಲ ಮಳೆಗೆ ಹೊಲಗಳ ಕೀಟನಾಶಕವು ಹಳ್ಳ ಹಿಡಿದು ಕೆರೆಗೆ ಬರುತ್ತದೆ. ಕೆಲವೇ ದಿನಗಳಲ್ಲಿ ನೀರಿನಲ್ಲಿ ಹರಡಿ ತೆಳುವಾಗಿಬಿಡುತ್ತದೆ. ರಾತ್ರಿಯ ಹೊತ್ತಿನಲ್ಲಿ ಹರಿಯಬಿಟ್ಟ ಕಾರ್ಖಾನೆಯ ತ್ಯಾಜ್ಯವು ಬೆಳಗಾಗುವುದರೊಳಗೆ ಕೋಡಿ ದಾಟಿ ಹೋಗಿರಬಹುದು. ಹದಿನೈದು ದಿನಗಳ ಮೇಲೆ ತುಂಬಿದ ಶೀಸೆಯಲ್ಲಿ ಅದರ ಗುರುತೂ ಇರುವುದಿಲ್ಲ.

ಎರಡನೆಯದಾಗಿ, ಪ್ರಯೋಗಾಲಯವು ತಾನು ಹುಡುಕಿದ ವಸ್ತುವನ್ನು ಮಾತ್ರ ಕಾಣುತ್ತದೆ. ಸೀಸ ಇದೆಯೇ ಎಂದು ಕೇಳಿದರೆ ಸೀಸದ ಉತ್ತರ ಬರುತ್ತದೆ. ಕೇಳದಿದ್ದ ನೂರಾರು ರಾಸಾಯನಿಕಗಳ ವಿಷಯ ಬರುವುದಿಲ್ಲ. ಒಂದೊಂದು ಪರೀಕ್ಷೆಗೂ ಬೇರೆ ಬೇರೆ ಖರ್ಚು. ಹಲವು ರಾಸಾಯನಿಕಗಳು ಕೂಡಿ ಮಾಡುವ ಹಾನಿಯನ್ನಂತೂ ಬಿಡಿಬಿಡಿಯಾದ ಅಂಕಿಗಳು ತಿಳಿಸಲಾರವು.

ಮೂರನೆಯದಾಗಿ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸಗಳಂತಹ ಭಾರಲೋಹಗಳೂ ಹಲವು ಕೀಟನಾಶಕಗಳೂ ಕೆಸರಿನ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತವೆ. ಮೇಲಿನ ನೀರು ತಿಳಿಯಾಗಿರುವಾಗಲೂ ಕೆಳಗಿನ ಕೆಸರು ವಿಷದ ಉಗ್ರಾಣವಾಗಿರಬಹುದು.

ಜಲಕೀಟಗಳ ಸಾಕ್ಷ್ಯವು ಈ ಮೂರು ಕೊರತೆಗಳನ್ನೂ ತುಂಬಿಕೊಡುತ್ತದೆ. ಅವು ಮೊಟ್ಟೆಯಿಂದ ಹೊರಬಂದು ರೆಕ್ಕೆ ಮೂಡುವವರೆಗೆ ವಾರಗಳು, ತಿಂಗಳುಗಳು, ಕೆಲವು ಜಾತಿಗಳಲ್ಲಿ ವರ್ಷಗಳ ಕಾಲ ನೀರಿನಲ್ಲೇ ಇರುತ್ತವೆ. ವಿಷ ಬಂದಾಗ ಬಿಟ್ಟು ಹೋಗಲು ಅವುಗಳಿಗೆ ಬೇರೆ ಮನೆಯಿಲ್ಲ. ಕೆಸರನ್ನೇ ಹಾಸಿ ಹೊದ್ದು ಬಾಳುವ ಅವುಗಳ ಮೇಲೆ ಎಲ್ಲ ರಾಸಾಯನಿಕಗಳ ಒಟ್ಟು ಪರಿಣಾಮವೂ ಬೀಳುತ್ತದೆ. ಇಂದು ಕೆರೆಯಲ್ಲಿ ಯಾವ ಕೀಟಗಳಿವೆ ಎಂಬುದು ಕಳೆದ ಹಲವು ತಿಂಗಳುಗಳ ಲೆಕ್ಕಪತ್ರವಿದ್ದಂತೆ.

ಈ ತಿಳಿವಳಿಕೆ ಹೊಸದೇನಲ್ಲ. ಯಾವ ಜೀವಿಗಳು ಎಷ್ಟು ಕೊಳೆಯನ್ನು ಸಹಿಸಬಲ್ಲವು ಎಂಬ ಪಟ್ಟಿಯನ್ನು ಜರ್ಮನಿಯ ಕೊಲ್ಕ್‌ವಿಟ್ಸ್ ಮತ್ತು ಮಾರ್ಸ್‌ಸನ್ ಎಂಬ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಸಿದ್ಧಪಡಿಸಿದ್ದರು. ಅದೇ ದೇಶದ ಆಗಸ್ಟ್ ಥೀನೆಮನ್ ಅವರು ತಳದ ಕೆಸರಿನಲ್ಲಿ ದೊರೆಯುವ ಕೀಟದ ಮರಿಹುಳುಗಳನ್ನು ಆಧರಿಸಿ ಸರೋವರಗಳನ್ನೇ ವರ್ಗೀಕರಿಸಿದರು. ಇಂದು ಹಲವು ದೇಶಗಳಲ್ಲಿ ಜಲಪರೀಕ್ಷೆಯ ಅಧಿಕೃತ ವಿಧಾನಗಳಲ್ಲಿ ಇದೂ ಒಂದಾಗಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕೆರೆಗೆ ಕಾಯಿಲೆಯಾಗಿದೆ ಎಂದು ಕೀಟಗಳು ಹೇಳುತ್ತವೆ. ಕಾಯಿಲೆಯ ಹೆಸರನ್ನು ಹೇಳುವುದಿಲ್ಲ. ಜ್ವರವಿದೆ ಎಂದು ನಾಡಿ ಹೇಳಿದರೆ, ಯಾವ ಜ್ವರವೆಂದು ರಕ್ತಪರೀಕ್ಷೆ ಹೇಳಬೇಕು. ಆದುದರಿಂದ ಎರಡೂ ಪರೀಕ್ಷೆಗಳು ಪರಸ್ಪರ ಪೂರಕವಾದವುಗಳು.

ಯಾರು ಏನನ್ನು ಹೇಳುತ್ತಾರೆ?

ಎಲ್ಲ ಕೀಟಗಳೂ ಒಂದೇ ವಿಷಯಕ್ಕೆ ಸಾಕ್ಷಿ ನುಡಿಯುವುದಿಲ್ಲ. ಮುಖ್ಯವಾದ ಐದು ಗುಂಪುಗಳನ್ನು ಗುರುತಿಸಲು ಕಲಿತರೆ ಆರಂಭಕ್ಕೆ ಸಾಕು.

1. ಮೇಫ್ಲೈ ಮರಿಹುಳುಗಳು: ಸಾಮಾನ್ಯವಾಗಿ ಮೂರು ಉದ್ದನೆಯ ಬಾಲಗಳಿರುವ, ಹೊಟ್ಟೆಯ ಇಕ್ಕೆಲಗಳಲ್ಲಿ ಗರಿ ಅಥವಾ ಎಲೆಯಂತಹ ಕಿವಿರುಗಳಿರುವ ಮರಿಹುಳುಗಳಿವು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಆ ತೆಳುವಾದ ಕಿವಿರುಗಳಿಂದ ಹೀರಿಕೊಳ್ಳುತ್ತವೆ. ಆಮ್ಲಜನಕ ಕುಸಿದರೆ ಇವು ಬದುಕಲಾರವು. ಲೋಹಗಳ ಅಂಶಕ್ಕೂ ಕೀಟನಾಶಕಕ್ಕೂ ಬಹುಬೇಗ ಬಲಿಯಾಗುತ್ತವೆ. ರೆಕ್ಕೆ ಬಂದ ಮೇಲೆ ಇವುಗಳಿಗೆ ಆಹಾರ ಸೇವಿಸುವ ಬಾಯಿಯೇ ಇರುವುದಿಲ್ಲ. ಒಂದೆರಡು ದಿನಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಇವುಗಳ ಬಾಳೆಲ್ಲವೂ ನೀರಿನಲ್ಲಿಯೇ ಕಳೆದುಹೋಗುತ್ತದೆ.

2. ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು: ಕೆರೆಯಂಗಳದಲ್ಲಿ ಹಾರಾಡುವ, ಇಂಗ್ಲಿಷಿನಲ್ಲಿ ಡ್ರ್ಯಾಗನ್‌ಫ್ಲೈ ಎನಿಸಿಕೊಳ್ಳುವ ಈ ಕೀಟವನ್ನು ಎಲ್ಲರೂ ಬಲ್ಲರು. ಅದರ ಮರಿ ಕಂದುಬಣ್ಣದ, ದಪ್ಪನೆಯ ಬೇಟೆಗಾರ. ಮಡಚಿಟ್ಟುಕೊಂಡ ಕೆಳದುಟಿಯನ್ನು ಮಿಂಚಿನಂತೆ ಮುಂದಕ್ಕೆ ಚಾಚಿ ಸೊಳ್ಳೆಯ ಮರಿಗಳನ್ನೂ ಗೊದಮೊಟ್ಟೆಗಳನ್ನೂ ಹಿಡಿಯುತ್ತದೆ. ಇದು ಇತರ ಜೀವಿಗಳನ್ನು ತಿಂದು ಬಾಳುವುದರಿಂದ, ಅವುಗಳ ದೇಹದಲ್ಲಿದ್ದ ವಿಷವೆಲ್ಲ ಇದರ ದೇಹದಲ್ಲಿ ಕೂಡಿಕೊಳ್ಳುತ್ತದೆ. ಈ ಗುಣದ ಪ್ರಯೋಜನವನ್ನು ಮುಂದೆ ನೋಡೋಣ.

3. ನೀರಿನ ಮೇಲೆ ನಡೆಯುವ ಕೀಟಗಳು: ಉದ್ದ ಕಾಲುಗಳನ್ನು ಚಾಚಿ ನೀರಿನ ಮೇಲೆ ಜಾರುವ ಕೀಟಗಳನ್ನು ಮಕ್ಕಳೂ ಗುರುತಿಸುತ್ತಾರೆ. ಇವುಗಳನ್ನು ಎತ್ತಿಹಿಡಿದಿರುವುದು ನೀರಿನ ಮೇಲ್ಪದರದ ಬಿಗುವು. ಬಟ್ಟೆ ಪಾತ್ರೆ ತೊಳೆಯುವ ಮಾರ್ಜಕಗಳು ಆ ಬಿಗುವನ್ನು ಸಡಿಲಿಸುತ್ತವೆ. ಆಗ ಇವು ನಿಲ್ಲಲಾರದೆ ಮುಳುಗುತ್ತವೆ.

4. ಕೆಂಪು ಮರಿಹುಳುಗಳು: ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಸ್ ಎಂಬ ನೊಣದ ಮರಿಗಳಿವು. ನಮ್ಮ ರಕ್ತದಲ್ಲಿರುವಂತೆ ಇವುಗಳಲ್ಲಿಯೂ ಹಿಮೋಗ್ಲೋಬಿನ್ ಇರುವುದರಿಂದ ಇವುಗಳಿಗೆ ಕೆಂಪು ಬಣ್ಣ. ಆಮ್ಲಜನಕ ಅತ್ಯಲ್ಪವಾಗಿರುವ ಕೆಸರಿನಲ್ಲಿಯೂ ಇವು ಬದುಕಬಲ್ಲವು. ಒಳ್ಳೆಯ ಕೆರೆಯಲ್ಲೂ ಇವು ಇರುತ್ತವೆ. ಆದರೆ ಬೇರೆಲ್ಲವೂ ಮಾಯವಾಗಿ ಇವು ಮಾತ್ರ ತುಂಬಿಕೊಂಡಿದ್ದರೆ ಕೆರೆ ಉಸಿರುಗಟ್ಟಿದೆ ಎಂದು ತಿಳಿಯಬೇಕು. ಇವುಗಳ ಬಾಯಿಯ ಬಳಿ ಗರಗಸದಂತಹ ಸಣ್ಣ ಹಲ್ಲುಗಳಿವೆ. ಭಾರಲೋಹ, ಕೀಟನಾಶಕಗಳು ಸೇರಿದ ಕೆಸರಿನಲ್ಲಿ ಬೆಳೆದ ಹುಳುಗಳಲ್ಲಿ ಆ ಹಲ್ಲುಗಳು ವಕ್ರವಾಗಿಯೋ ಇಲ್ಲವಾಗಿಯೋ ಇರುವುದನ್ನು 1970ರ ದಶಕದ ಆರಂಭದಿಂದ ಕೆನಡಾದ ಸರೋವರಗಳಲ್ಲಿ ವಿಜ್ಞಾನಿಗಳು ದಾಖಲಿಸತೊಡಗಿದರು. ವಿಷವು ಕೊಲ್ಲದೆ ಬಿಟ್ಟ ಜೀವಿಯ ಅಂಗವನ್ನೇ ಕೆಡಿಸಬಲ್ಲದು ಎಂಬುದಕ್ಕೆ ಇದು ಸೂಕ್ಷ್ಮದರ್ಶಕದಲ್ಲಿ ಕಾಣುವ ಸಾಕ್ಷಿ.

5. ಗಾಳಿಯನ್ನು ಮೇಲಿನಿಂದ ಪಡೆಯುವವು: ಸೊಳ್ಳೆಯ ಮರಿ, ಇಲಿಯ ಬಾಲದಂತೆ ಉದ್ದನೆಯ ನಳಿಗೆಯಿರುವ ನೊಣದ ಮರಿ, ಕೆಲವು ನೀರುದುಂಬಿಗಳು ನೀರಿನ ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತವೆ. ಆದುದರಿಂದ ನೀರಿನಲ್ಲಿ ಆಮ್ಲಜನಕವಿದೆ ಎನ್ನಲು ಇವು ಸಾಕ್ಷಿಯಾಗಲಾರವು. ಕೊಳಚೆ ತುಂಬಿದ ಹೊಂಡದಲ್ಲಿ ಕಡೆಗೆ ಉಳಿಯುವವರಲ್ಲಿ ಇವೂ ಸೇರಿವೆ.

ಈರೀ ಸರೋವರದ ಪಾಠ

ಕೀಟಗಳ ಎಚ್ಚರಿಕೆಯನ್ನು ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ವ್ಯತ್ಯಾಸವನ್ನು ಉತ್ತರ ಅಮೆರಿಕದ ಈರೀ ಸರೋವರದ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ಐದು ಮಹಾಸರೋವರಗಳಲ್ಲಿ ಆಳ ಅತ್ಯಂತ ಕಡಿಮೆಯಿರುವುದು ಇದಕ್ಕೆ. ಒಂದು ಕೋಟಿಗೂ ಹೆಚ್ಚು ಜನ ಕುಡಿಯುವ ನೀರಿಗೆ ಇದನ್ನು ಅವಲಂಬಿಸಿದ್ದಾರೆ.

ಇದರ ಪಶ್ಚಿಮ ಭಾಗದ ಕೆಸರಿನಲ್ಲಿ ಹೆಕ್ಸಜೀನಿಯಾ ಎಂಬ ಮೇಫ್ಲೈ ಮರಿಹುಳುಗಳು ಒಂದೊಂದು ಚದರ ಮೀಟರಿಗೆ ನೂರಾರು ಸಂಖ್ಯೆಯಲ್ಲಿದ್ದವು. ಪ್ರತಿ ಬೇಸಿಗೆಯಲ್ಲಿ ಅವು ರೆಕ್ಕೆ ಪಡೆದು ಮೋಡದಂತೆ ಮೇಲೇಳುತ್ತಿದ್ದವು. ದಡದ ಊರುಗಳ ದೀಪಗಳ ಕೆಳಗೆ ರಾಶಿ ಬೀಳುತ್ತಿದ್ದವು. ಜನ ಅವುಗಳನ್ನು ಕಿರುಕುಳವೆಂದೇ ಭಾವಿಸಿದ್ದರು.

1953ರ ಸೆಪ್ಟೆಂಬರಿನಲ್ಲಿ ಸೆಕೆ ಹೆಚ್ಚಿ, ಗಾಳಿ ಕೆಲವು ದಿನ ನಿಂತುಹೋಯಿತು. ಮೇಲಿನ ನೀರು ಕೆಳಗಿನ ನೀರಿನೊಡನೆ ಬೆರೆಯಲಿಲ್ಲ. ತಳದ ಆಮ್ಲಜನಕ ಮುಗಿಯಿತು. ಆ ಸಮಯದಲ್ಲಿ ಕೆಸರನ್ನು ಎತ್ತಿ ಪರೀಕ್ಷಿಸಿದ ವಿಜ್ಞಾನಿ ವಿಲ್ಸನ್ ಬ್ರಿಟ್ ಅವರಿಗೆ ಸತ್ತ ಮರಿಹುಳುಗಳು ಹೇರಳವಾಗಿ ದೊರೆತವು. ಮುಂದಿನ ಕೆಲವು ವರ್ಷಗಳಲ್ಲಿ ಪಶ್ಚಿಮ ಭಾಗದಿಂದ ಈ ಕೀಟ ಬಹುಮಟ್ಟಿಗೆ ಕಣ್ಮರೆಯಾಯಿತು.

ಗಾಳಿ ನಿಂತದ್ದು ನೆಪ ಮಾತ್ರ. ನಿಜವಾದ ಕಾರಣ ವರ್ಷಗಳಿಂದ ಸೇರುತ್ತಿದ್ದ ರಾಸಾಯನಿಕ. ಊರುಗಳ ಚರಂಡಿ ನೀರು, ಮಾರ್ಜಕಗಳು, ಹೊಲಗಳ ಗೊಬ್ಬರ ಇವುಗಳಲ್ಲಿದ್ದ ರಂಜಕವು ಪಾಚಿಗೆ ಆಹಾರವಾಯಿತು. ಮಿತಿಮೀರಿ ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೆಲ್ಲ ಕಬಳಿಸಿತು. ಕೀಟಗಳು ಇದನ್ನು 1953ರಲ್ಲಿ ಹೇಳಿದವು. 1960ರ ದಶಕದಲ್ಲಿ ಸರೋವರ ಸತ್ತೇಹೋಯಿತೆಂದು ಪತ್ರಿಕೆಗಳು ಬರೆದವು. ಎರಡು ದೇಶಗಳೂ ಕೂಡಿ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಮಾಡಿದ್ದು 1972ರಲ್ಲಿ. ಎಚ್ಚರಿಕೆಗೂ ಕಾರ್ಯಕ್ಕೂ ನಡುವೆ ಹತ್ತೊಂಬತ್ತು ವರ್ಷಗಳು ಕಳೆದಿದ್ದವು.

ಒಪ್ಪಂದದ ಮೇಲೆ ಚರಂಡಿ ನೀರಿನ ಶುದ್ಧೀಕರಣ ಬಿಗಿಯಾಯಿತು. ಮಾರ್ಜಕಗಳಲ್ಲಿನ ರಂಜಕಕ್ಕೆ ಮಿತಿ ಬಂದಿತು. ಫಲ ಒಂದೆರಡು ವರ್ಷಗಳಲ್ಲಿ ಕಾಣಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಮೇಫ್ಲೈಗಳು ಮರಳಿ ಬಂದವು. ಹಿಂದೆ ಶಪಿಸಲ್ಪಡುತ್ತಿದ್ದ ಹುಳುಗಳು ಈಗ ಸರೋವರ ಚೇತರಿಸಿಕೊಂಡ ಶುಭವಾರ್ತೆಯಾದವು. ಅವು ಮೇಲೇಳುವ ದಟ್ಟಣೆ ಎಷ್ಟೆಂದರೆ, ಮಳೆಯನ್ನು ಗುರುತಿಸುವ ಹವಾಮಾನ ರೇಡಾರಿನಲ್ಲಿಯೂ ಅದು ಮೋಡದಂತೆ ಕಾಣಿಸುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಲಗಳಿಂದ ಹರಿದುಬರುವ ರಂಜಕ ನಿಲ್ಲಲಿಲ್ಲವಾದುದರಿಂದ ನೀಲಿಹಸಿರು ಪಾಚಿ ಮತ್ತೆ ಹಬ್ಬಿತು. 2014ರ ಆಗಸ್ಟ್ ತಿಂಗಳ ಆರಂಭದಲ್ಲಿ ಟೊಲೀಡೊ ನಗರದ ನಲ್ಲಿ ನೀರಿನಲ್ಲಿ ಮೈಕ್ರೊಸಿಸ್ಟಿನ್ ಎಂಬ ಪಾಚಿವಿಷ ಕಂಡುಬಂದಿತು. ಇದು ಯಕೃತ್ತಿಗೆ ಹಾನಿ ಮಾಡುವ ವಿಷ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ದಿನ ನಲ್ಲಿ ನೀರನ್ನು ಕುಡಿಯಬಾರದೆಂದು, ಕುದಿಸಲೂ ಬಾರದೆಂದು ಆಜ್ಞೆಯಾಯಿತು. ಕುದಿಸಿದರೆ ನೀರು ಆವಿಯಾಗಿ ವಿಷ ಉಳಿಯುತ್ತದೆ. ಅದು ಇನ್ನೂ ದಟ್ಟವಾಗುತ್ತದೆ. ರೇಡಾರ್ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಶ್ಚಿಮ ಈರೀ ಪ್ರದೇಶದಲ್ಲಿ ಮೇಫ್ಲೈಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕುಸಿದಿದೆ ಎಂದು ತೋರಿಸಿತು. ಕೀಟನಾಶಕಗಳು, ಪಾಚಿವಿಷ, ನೀರಿನ ತಾಪದ ಏರಿಕೆ ಇವುಗಳ ಮೇಲೆ ವಿಜ್ಞಾನಿಗಳ ಸಂದೇಹವಿದೆ. ನಾಡಿ ಮತ್ತೊಮ್ಮೆ ಕ್ಷೀಣಿಸುತ್ತಿದೆ.

ಕೀಟದ ದೇಹದಿಂದ ನಮ್ಮ ದೇಹಕ್ಕೆ

ಕೆಸರಿನ ಹುಳುವಿಗೆ ತಗುಲಿದ ವಿಷದಿಂದ ನಮಗೇನಾಗುತ್ತದೆ ಎಂದು ಕೆಲವರು ಕೇಳಬಹುದು. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ಇದಕ್ಕೆ ಉತ್ತರ ದೊರೆಯಿತು. ಅಲ್ಲಿ ಕಚ್ಚದ ಒಂದು ಸಣ್ಣ ನೊಣದ ಕಾಟ ತಪ್ಪಿಸಲು 1949ರಲ್ಲಿ ಡಿಡಿಟಿಯ ಸಂಬಂಧಿಯಾದ ಡಿಡಿಡಿ ಎಂಬ ಕೀಟನಾಶಕವನ್ನು ಬೆರೆಸಿದರು. ಏಳು ಕೋಟಿ ಭಾಗ ನೀರಿಗೆ ಒಂದು ಭಾಗ ವಿಷ. ಅಷ್ಟು ಅಲ್ಪಪ್ರಮಾಣದಿಂದ ಯಾರಿಗೂ ಹಾನಿಯಿಲ್ಲವೆಂದು ನಂಬಿದ್ದರು. ನೊಣ ಮತ್ತೆ ಬಂದಿತು. 1954ರಲ್ಲಿ, 1957ರಲ್ಲಿ ಐದು ಕೋಟಿಗೆ ಒಂದು ಭಾಗದಂತೆ ಮತ್ತೆ ಬೆರೆಸಿದರು. ಸರೋವರದ ಗ್ರೀಬ್ ಎಂಬ ಮುಳುಗುಹಕ್ಕಿಗಳು ಸಾಯತೊಡಗಿದವು. ಅವುಗಳ ಕೊಬ್ಬನ್ನು ಪರೀಕ್ಷಿಸಿದಾಗ ಹತ್ತು ಲಕ್ಷಕ್ಕೆ 1,600 ಭಾಗ ವಿಷವಿತ್ತು; ನೀರಿಗೆ ಬೆರೆಸಿದುದರ ಸುಮಾರು 80,000 ಪಟ್ಟು. ಸಾವಿರಕ್ಕೂ ಹೆಚ್ಚು ಜೋಡಿಗಳು ಗೂಡುಕಟ್ಟುತ್ತಿದ್ದ ಸರೋವರದಲ್ಲಿ 1960ರ ವೇಳೆಗೆ ಸುಮಾರು ಮೂವತ್ತು ಜೋಡಿಗಳು ಉಳಿದಿದ್ದವು. ಔಷಧ ಬೆರೆಸಿದ ಸ್ವಲ್ಪ ಕಾಲದಲ್ಲಿಯೇ ನೀರಿನಲ್ಲಿ ಅದರ ಗುರುತು ಸಿಗದಂತಾಗಿತ್ತು. ರೇಚಲ್ ಕಾರ್ಸನ್ ಅವರು 1962ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಪ್ರಸಂಗವನ್ನು ಲೋಕಕ್ಕೆ ತಿಳಿಸಿದರು.

ವಿಷವು ನೀರನ್ನು ಬಿಟ್ಟು ಜೀವಿಗಳೊಳಗೆ ಮನೆಮಾಡಿತ್ತು. ಸೂಕ್ಷ್ಮಜೀವಿಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು, ಅದನ್ನು ಹಕ್ಕಿ ತಿನ್ನುವಾಗ ಮೆಟ್ಟಿಲು ಮೆಟ್ಟಿಲಾಗಿ ಅದು ದಟ್ಟವಾಗುತ್ತ ಹೋಯಿತು. ಮನುಷ್ಯನು ಕುಳಿತಿರುವುದೂ ಆ ಮೆಟ್ಟಿಲುಗಳ ಮೇಲೆಯೇ.

ಪಾದರಸದ ಸ್ವಭಾವವೂ ಇಂತಹುದೇ. ಕಲ್ಲಿದ್ದಲನ್ನು ಉರಿಸಿದಾಗ ಗಾಳಿಗೆ ಸೇರಿದ ಪಾದರಸ ಮಳೆಯೊಡನೆ ಕೆರೆಗಿಳಿಯುತ್ತದೆ. ಕೆಸರಿನ ಸೂಕ್ಷ್ಮಾಣುಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಇದು ಗರ್ಭದಲ್ಲಿರುವ ಶಿಶುವಿನ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಈ ಅಪಾಯವನ್ನು ಅಳೆಯಲು ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳನ್ನು ಆರಿಸಿಕೊಂಡರು. ಶಾಲಾ ಮಕ್ಕಳೂ ಸ್ವಯಂಸೇವಕರೂ ಬಲೆ ಹಿಡಿದು ಅವುಗಳನ್ನು ಸಂಗ್ರಹಿಸಿದರು; ವಿಜ್ಞಾನಿಗಳು ಅವುಗಳ ದೇಹದ ಪಾದರಸವನ್ನು ಅಳೆದರು. ಸುಮಾರು ನೂರು ಉದ್ಯಾನಗಳ ನಾಲ್ಕು ನೂರಕ್ಕೂ ಹೆಚ್ಚು ತಾಣಗಳಿಂದ ಬಂದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಮರಿಹುಳುವಿನಲ್ಲಿ ಪಾದರಸ ಹೆಚ್ಚಿದ್ದಲ್ಲಿ ಮೀನಿನಲ್ಲಿಯೂ ಹೆಚ್ಚಿರುತ್ತದೆ ಎಂಬುದು ಅದರಿಂದ ಸ್ಥಿರಪಟ್ಟಿತು.

ಮೀನು ತಿನ್ನದವರು ತಮಗೆ ಇದರ ಭಯವಿಲ್ಲವೆಂದು ತಿಳಿಯಬಾರದು. ಸೀಸ, ಕ್ಯಾಡ್ಮಿಯಂಗಳು ಸೇರಿದ ಕೆರೆಯ ನೀರನ್ನು ಹಾಯಿಸಿ ಬೆಳೆದ ತರಕಾರಿಗಳು, ವಿಶೇಷವಾಗಿ ಸೊಪ್ಪುಗಳು, ಆ ಲೋಹಗಳನ್ನು ಹೀರಿಕೊಳ್ಳುತ್ತವೆ. ಕೊಬ್ಬಿನಲ್ಲಿ ಕರಗುವ ಕೀಟನಾಶಕಗಳು ಮೇವು ನೀರುಗಳ ಮೂಲಕ ಹಸುವಿನ ದೇಹ ಸೇರಿ ಹಾಲಿನಲ್ಲಿ ಕಾಣಿಸಿಕೊಳ್ಳುತ್ತವೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂಠಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಇನ್ನೊಂದು ಅಪಾಯವೂ ಇದೆ. ಸೊಳ್ಳೆಯ ಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳು ವಿಷದಿಂದ ಸತ್ತಾಗ ಸೊಳ್ಳೆಗೆ ತಡೆಯಿಲ್ಲದಂತಾಗುತ್ತದೆ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕೊಳಚೆ ನೀರಿನಲ್ಲಿಯೇ ಹುಲುಸಾಗಿ ಬೆಳೆಯುತ್ತದೆ. ಕಲಬುರಗಿ, ಬೀದರ್ ಭಾಗದವರಿಗೆ ಈ ರೋಗದ ಕಷ್ಟವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ನಮ್ಮ ಕೆರೆಗಳಲ್ಲಿ

ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದುದನ್ನೂ 2015, 2017, 2018ರಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡುದನ್ನೂ ನಾವೆಲ್ಲ ಬಲ್ಲೆವು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೊರೆ, ಬೆಂಕಿ, ಮೀನುಗಳ ಸಾವು ಇವೆಲ್ಲ ರೋಗದ ಕೊನೆಯ ಘಟ್ಟದ ಲಕ್ಷಣಗಳು. ಆ ಹಂತ ತಲುಪುವ ಮೊದಲೇ ಎಚ್ಚರಗೊಳ್ಳುವುದು ಕೀಟಪರೀಕ್ಷೆಯ ಉದ್ದೇಶ. ನಮ್ಮ ದೇಶದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ನೀರಿನ ತಳದ ಜೀವಿಗಳನ್ನು ಆಧರಿಸಿದ ಮಾನದಂಡವೊಂದನ್ನು ರೂಪಿಸಿದೆ. ಅದರಂತೆ ನೀರನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಶುದ್ಧವಾದುದಕ್ಕೆ ನೀಲಿ ಬಣ್ಣವನ್ನೂ ತೀವ್ರವಾಗಿ ಕೆಟ್ಟುದಕ್ಕೆ ಕೆಂಪು ಬಣ್ಣವನ್ನೂ ನೀಡಲಾಗುತ್ತದೆ.

ಪೂರ್ಣ ಪರೀಕ್ಷೆಗೆ ತಜ್ಞರು ಬೇಕು. ಆದರೆ ಆರಂಭದ ನಾಡಿಪರೀಕ್ಷೆಯನ್ನು ಶಾಲೆಯ ಶಿಕ್ಷಕರೂ ವಿದ್ಯಾರ್ಥಿಗಳೂ ಯುವಕ ಸಂಘದವರೂ ಮಾಡಬಹುದು. ಅದರ ಕ್ರಮ ಹೀಗಿದೆ:

ಕಾಲ: ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಒಮ್ಮೆ, ಬೇಸಿಗೆಗೆ ಮುನ್ನ ಒಮ್ಮೆ. ಪ್ರತಿ ವರ್ಷವೂ ಅದೇ ತಿಂಗಳಿನಲ್ಲಿ ಮಾಡಬೇಕು.

ಸಲಕರಣೆ: ಉದ್ದನೆಯ ಹಿಡಿಯಿರುವ ಸಣ್ಣ ಕಣ್ಣಿನ ಬಲೆ ಅಥವಾ ಜರಡಿ, ಬಿಳಿಯ ಅಗಲವಾದ ತಟ್ಟೆ, ಭೂತಗನ್ನಡಿ, ಮೃದುವಾದ ಕುಂಚ, ಕೈಗವಸು, ಒಂದು ಪುಸ್ತಕ.

ಸ್ಥಳ: ಹಳ್ಳವು ಕೆರೆಗೆ ಸೇರುವ ಬಾಯಿ, ಜೊಂಡಿನ ಅಂಚು, ತೂಬಿನ ಬಳಿ ಹೀಗೆ ಮೂರು ನಾಲ್ಕು ಕಡೆ. ಎಲ್ಲ ಕಡೆಯೂ ಒಂದೇ ಅವಧಿ, ಉದಾಹರಣೆಗೆ ಮೂರು ನಿಮಿಷ, ಕೆಸರನ್ನು ಕದಡಿ ಬಲೆಯಾಡಿಸಬೇಕು.

ಎಣಿಕೆ: ದೊರೆತುದನ್ನು ತಟ್ಟೆಯ ನೀರಿನಲ್ಲಿ ಹರಡಿ, ರೂಪದಿಂದ ಬೇರೆ ಬೇರೆಯಾಗಿ ಕಾಣುವ ಜೀವಿಗಳು ಎಷ್ಟು ಬಗೆ, ಒಂದೊಂದು ಬಗೆಯಲ್ಲಿ ಎಷ್ಟು ಎಂದು ಬರೆದುಕೊಳ್ಳಬೇಕು. ಎಣಿಸಿದ ಮೇಲೆ ಅವುಗಳನ್ನು ಬಂದಲ್ಲಿಗೇ ಬಿಡಬೇಕು.

ಹಲವು ಬಗೆಯ ಜೀವಿಗಳು ಕೂಡಿ ಬಾಳುತ್ತಿದ್ದರೆ ಕೆರೆ ಆರೋಗ್ಯವಾಗಿದೆ. ಬಗೆಗಳು ಕುಗ್ಗಿ ಒಂದೆರಡೇ ಬಗೆಯವು ಅಸಂಖ್ಯಾತವಾಗಿದ್ದರೆ ಅನಾರೋಗ್ಯ. ಬ್ರಿಟನ್ನಿನಲ್ಲಿ ನದಿಗಳಿಗಾಗಿ ರೂಪಿಸಿದ ಅಂಕಪದ್ಧತಿಯಲ್ಲಿ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ: ಏರೋಪ್ಲೇನ್ ಚಿಟ್ಟೆಯ ಕುಟುಂಬಗಳಿಗೆ 8, ಕೆಂಪು ಮರಿಹುಳುಗಳ ಕುಟುಂಬಕ್ಕೆ 2, ಕೆಸರಿನ ಎರೆಹುಳುಗಳಿಗೆ 1. ಆದರೆ ಹರಿವ ನದಿಯ ಅಳತೆಯನ್ನು ನಿಂತ ನೀರಿನ ಕೆರೆಗೆ ಹಾಗೆಯೇ ಅನ್ವಯಿಸಬಾರದು. ತಂಪಾದ ತೊರೆಗಳಲ್ಲಿರುವ ಕೀಟ ನಮ್ಮ ಬಯಲುಸೀಮೆಯ ಕೆರೆಯಲ್ಲಿ ಇಲ್ಲವೆಂದು ಗಾಬರಿಯಾಗಬೇಕಿಲ್ಲ. ನಮ್ಮ ಕೆರೆಯನ್ನು ನೆರೆಯ ಒಳ್ಳೆಯ ಕೆರೆಯೊಡನೆ, ಈ ವರ್ಷದ ಎಣಿಕೆಯನ್ನು ಕಳೆದ ವರ್ಷದ ಎಣಿಕೆಯೊಡನೆ ಹೋಲಿಸಿ ನೋಡಬೇಕು. ಬೇಸಿಗೆಯಲ್ಲಿ ಬತ್ತಿದ ಕೆರೆ ಮತ್ತೆ ತುಂಬಿದ ಕೂಡಲೇ ಎಣಿಸಿದರೆ ಫಲಿತಾಂಶ ತಪ್ಪುತ್ತದೆ. ಕೀಟಗಳು ಮರಳಿ ನೆಲೆಸಲು ಕಾಲ ಬೇಕು. ಬಗೆಗಳು ಇದ್ದಕ್ಕಿದ್ದಂತೆ ಕಡಿಮೆಯಾದರೆ ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿ, ನೀರು ಮತ್ತು ಕೆಸರು ಎರಡರ ರಾಸಾಯನಿಕ ಪರೀಕ್ಷೆಯನ್ನೂ ಕೇಳಬೇಕು. ಪುಸ್ತಕದಲ್ಲಿ ದಿನಾಂಕ ಸಹಿತವಾಗಿ ಬರೆದ ಎಣಿಕೆಯಿದ್ದರೆ ಆ ಮನವಿಗೆ ತೂಕ ಬರುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಲೋಹಗಳೂ ಪಾಚಿವಿಷವೂ ಹೋಗುವುದಿಲ್ಲ.

2. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟಿದ್ದರೆ ಅಲ್ಲಿ ಮೀಯಬಾರದು; ದನಗಳಿಗೆ ಆ ನೀರನ್ನು ಕುಡಿಸಬಾರದು.

3. ಸತ್ತು ತೇಲಿದ ಮೀನುಗಳನ್ನು ತಿನ್ನಬಾರದು, ಮಾರಬಾರದು.

4. ಔಷಧ ಸಿಂಪಡಿಸುವ ಪಂಪನ್ನೂ ಡಬ್ಬಿಗಳನ್ನೂ ಕೆರೆಯಲ್ಲಿ, ಕಾಲುವೆಯಲ್ಲಿ ತೊಳೆಯಬಾರದು. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ ಹೊಲಕ್ಕೆ ಸಿಂಪಡಿಸಬೇಕು. ಡಬ್ಬಿಯನ್ನು ತೂತು ಮಾಡಿ ಮರುಬಳಕೆಯಾಗದಂತೆ ಮಾಡಬೇಕು.

5. ಸೊಳ್ಳೆ ಕೊಲ್ಲಲೆಂದು ಕೆರೆಗೆ ಕೀಟನಾಶಕ ಸುರಿಯಬಾರದು. ಸೊಳ್ಳೆ ಬೇಗನೆ ಮರಳುತ್ತದೆ. ಅದನ್ನು ತಿನ್ನುವ ಕೀಟ ಮರಳಲು ಬಹುಕಾಲ ಬೇಕು.

6. ಕೆರೆಯಂಗಳದಲ್ಲಿ ವಾಹನ ತೊಳೆಯುವುದನ್ನೂ ರಾಸಾಯನಿಕ ಬಣ್ಣ ಬಳಿದ ವಿಗ್ರಹಗಳನ್ನು ನೀರಿಗೆ ಬಿಡುವುದನ್ನೂ ತಡೆಯಬೇಕು.

7. ಕೀಟಗಳ ಪರೀಕ್ಷೆಗೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ನೊರೆಯಿರುವ, ಕಪ್ಪಾದ, ವಾಸನೆ ಬರುವ ನೀರಿಗೆ ಇಳಿಯಲೇಬಾರದು. ಪರೀಕ್ಷೆಯ ನಂತರ ಸಾಬೂನಿನಿಂದ ಕೈಕಾಲು ತೊಳೆಯಬೇಕು.

ಈರೀ ಸರೋವರದ ಜನ ತಮ್ಮ ದೀಪದ ಕೆಳಗೆ ಬಿದ್ದ ಹುಳುಗಳನ್ನು ಗುಡಿಸಿ ಹಾಕಿದರು. ಅವು ಬಾರದೇ ಹೋದ ವರ್ಷ ನೆಮ್ಮದಿಯೆನಿಸಿರಬೇಕು. ಆ ನೆಮ್ಮದಿಯೇ ರೋಗದ ಆರಂಭವಾಗಿತ್ತು. ನಮ್ಮೂರ ಕೆರೆಯ ಮೇಲೆ ಈ ವರ್ಷ ಏರೋಪ್ಲೇನ್ ಚಿಟ್ಟೆಗಳು ಹಾರಿದುವೇ, ಏರಿಯ ಬದಿಯಲ್ಲಿ ನೀರಿನ ಮೇಲೆ ನಡೆಯುವ ಕೀಟಗಳು ಕಂಡುವೇ ಎಂದು ಸದ್ಭಕ್ತರು ಒಮ್ಮೆ ನಿಂತು ನೋಡಬೇಕು. ಕಂಡರೆ ಬರೆದಿಡೋಣ, ಕಾಣದಿದ್ದರೆ ಕಾರಣ ಕೇಳೋಣ. ಕೆರೆ ಉಳಿದರೆ ಊರು ಉಳಿಯುತ್ತದೆ.